270 ಕಿ.ಮೀ. ಅಂದ್ರೆ ಎಷ್ಟು ಹೊತ್ತು?

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ಹುಡುಕಿದ್ರೆ ಅರೆಕ್ಷಣದಲ್ಲಿ ಉತ್ತರ ಬರುತ್ತೆ. ಮಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 270 ಕಿ.ಮೀ., ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 370. ಇದು ಹಕ್ಕಿ ಹಾರುವ ದೂರ. ಅಕ್ಷಾಂಶ, ರೇಖಾಂಶ ಕೊಟ್ಟರೆ ನಾಲ್ಕು ಸಾಲಿನ ಕೋಡ್ ಕೂಡ ಇದನ್ನೇ ಹೇಳುತ್ತೆ.

ನನಗೆ ಈ ಲೆಕ್ಕ ಬೇಕಾಗಿದ್ದು ಕಳೆದ ವರ್ಷ, ಮಂಗಳೂರಿನಲ್ಲಿ ಒಂದು ಕೆಲಸ ಸಿಕ್ಕಾಗ. ಹೆಂಡತಿಯ ತವರು ಅಲ್ಲೇ. ಬಾಡಿಗೆ ಕಡಿಮೆ, ಟ್ರಾಫಿಕ್ ಕಡಿಮೆ, ಜೊತೆಗೆ ಸಮುದ್ರ. ಧಾರವಾಡದಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಬಿಪಿ ಇದೆ. "ಮಂಗಳೂರು ನಿನಗ ಇನ್ನೂ ಹತ್ರ ಆಗ್ತದವ್ವ" ಅಂದೆ. ಅವಳು ಕೇಳಿದ್ದು ಒಂದೇ ಮಾತು: "ಕಿಲೋಮೀಟರ್ ಬಿಡಪಾ, ಎಷ್ಟೊತ್ತಿಗೆ ಬರ್ತಿ ಅದನ್ನ ಹೇಳು."

ಕೂತು ಲೆಕ್ಕ ಹಾಕಿದೆ. ಎಟಿಆರ್ ತರಹದ ಸಣ್ಣ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತೆ. 270 ಕಿ.ಮೀ.ಗೆ ಅರ್ಧ ಗಂಟೆ ಸಾಕು ಅನ್ಸುತ್ತೆ. ಆದ್ರೆ ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯುವುದು ಎಲ್ಲ ಸೇರಿ ಟಿಕೆಟ್ ಮೇಲೆ ಒಂದು ಗಂಟೆ ಹತ್ತಿರ ಇರುತ್ತೆ. ಅದೂ ನೇರ ವಿಮಾನ ಇದ್ದರೆ. ನಾನು ನೋಡಿದ ದಿನಗಳಲ್ಲಿ ನೇರ ವಿಮಾನ ಸಿಗಲಿಲ್ಲ, ಎಲ್ಲ ಬೆಂಗಳೂರು ಮೇಲೆಯೇ. ಅಂದ್ರೆ 270 ಕಿ.ಮೀ. ದೂರದ ಊರಿಗೆ ಸುಮಾರು 680 ಕಿ.ಮೀ. ಹಾರಾಟ, ನಡುವೆ ಕಾಯುವ ಹೊತ್ತು ಬೇರೆ.

ಬೆಂಗಳೂರಿನ ಲೆಕ್ಕ ಹೀಗೆ: ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಒಂದೂವರೆ, ವಿಮಾನದಲ್ಲಿ ಒಂದು, ಇಳಿದು ಧಾರವಾಡ ಮುಟ್ಟಲು ಒಂದೂಕಾಲು. ಒಟ್ಟು 5 ಗಂಟೆ 15 ನಿಮಿಷ. ಹಾರಿದ್ದು ಅದರಲ್ಲಿ ಐದನೇ ಒಂದು ಪಾಲು ಮಾತ್ರ! ವಂದೇ ಭಾರತ್ ರೈಲಿಗೆ ಆರೂವರೆ ಗಂಟೆ ಆಸುಪಾಸು. ವ್ಯತ್ಯಾಸ ಅಷ್ಟೇ.

ಆದ್ರೆ ಫೋನ್ ರಾತ್ರಿ ಹನ್ನೊಂದಕ್ಕೆ ಬಂದರೆ? ಆಗ ರಸ್ತೆಯೇ ಗತಿ. ಎರಡೂ ಕಡೆಯಿಂದ ಏಳೆಂಟು ಗಂಟೆ. ಮಂಗಳೂರಿನಿಂದ ಹೊರಟರೆ ಕರಾವಳಿ ಹೆದ್ದಾರಿ, ಅಂಕೋಲಾದಲ್ಲಿ ತಿರುಗಿ ಅರಬೈಲ್ ಘಾಟ್, ಯಲ್ಲಾಪುರ. ಮಳೆಗಾಲದಲ್ಲಿ ಆ ದಾರಿಯನ್ನು ನಂಬುವುದು ಕಷ್ಟ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿರಬಹುದು. ಬೆಂಗಳೂರಿನ ದಾರಿಯಲ್ಲಿ ಘಾಟ್ ಇಲ್ಲ.

ಹೆಂಡತಿಗೆ ಎಲ್ಲವನ್ನೂ ತೋರಿಸಿದೆ. ಅವಳಿಗೆ ಬೇಜಾರಾಯ್ತು, ಆಗದೇ ಇರುತ್ತಾ? ಒಂದು ದಿನ ಬಿಟ್ಟು ಅವಳೇ "ಇಲ್ಲೇ ಇರೋಣ, ಬೇಸಿಗೆ ರಜೆಗೆ ಒಂದು ತಿಂಗಳು ನಾನು ಊರಿಗೆ ಹೋಗ್ತೇನೆ" ಅಂದಳು. ಆ ಕೆಲಸ ಬೇಡ ಅಂದೆ.

ನೀವೂ ಹೀಗೆ ಊರು ಬದಲಿಸುವ ಯೋಚನೆಯಲ್ಲಿದ್ದರೆ ದೂರ ನೋಡಬೇಡಿ, ಮನೆ ಬಾಗಿಲಿನಿಂದ ಬಾಗಿಲಿಗೆ ಹೊತ್ತು ನೋಡಿ. ಕೊನೆಯ ವಿಮಾನ ಎಷ್ಟಕ್ಕೆ, ಅದು ತಪ್ಪಿದರೆ ಏನು, ಮಳೆಗಾಲದಲ್ಲಿ ಏನು ಅಂತ ಕೇಳಿಕೊಳ್ಳಿ. ಇನ್ನೊಂದು ಮಾತು. ಯಾವ ಲೆಕ್ಕದಲ್ಲೂ ನಾನು ಐದು ಗಂಟೆಗಿಂತ ಮೊದಲು ಅವ್ವನ ಹತ್ತಿರ ಮುಟ್ಟಲ್ಲ. ಅದಕ್ಕೇ ಈಗ ಪಕ್ಕದ ಮನೆಯ ಮೌಶಿ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇದೆ, ಆಂಬುಲೆನ್ಸ್ ನಂಬರ್ ಅವರ ಫ್ರಿಜ್ ಮೇಲೆ ಅಂಟಿಸಿದೆ. ಅವರಿಗೆ ಬೇಕಾಗುವುದು ಎರಡೇ ನಿಮಿಷ.