ಸಂತೋಷಕೂಟದ ಸಿಹಿತಿನಿಸು ಮತ್ತು ಶ್ರಾವಕಧರ್ಮ

ಶ್ರಾವಕನ ಆಚಾರಕ್ಕೆ ನಿಜವಾದ ಪರೀಕ್ಷೆ ಒದಗುವುದು ಪರ್ವದಿನಗಳಲ್ಲಿ ಅಲ್ಲ. ಅಷ್ಟಾಹ್ನಿಕದಲ್ಲಿಯೋ ದಶಲಕ್ಷಣ ಪರ್ವದಲ್ಲಿಯೋ ಮನೆಮಂದಿಯೆಲ್ಲ ಒಂದೇ ನಿಯಮದಲ್ಲಿರುತ್ತಾರೆ. ಆಗ ಸಂಯಮವು ಹೊಳೆಯ ಹರಿವಿನೊಡನೆ ಈಜಿದಷ್ಟು ಸುಲಭ. ಮಗಳು ಪದವಿ ಪಡೆದಳೆಂದು ನಾಲ್ಕು ಮನೆಯವರನ್ನು ಕರೆದು ಸಿಹಿ ಹಂಚುವ ದಿನ ಮಾತ್ರ ಹಾಗಲ್ಲ. ಅತಿಥಿಗಳಲ್ಲಿ ಹಲವು ಮತದವರಿರುತ್ತಾರೆ. ಎಳೆಯರಿಗೆ ಕೇಕು ಬೇಕು, ಹಿರಿಯರಿಗೆ ಸೋಸಿದ ನೀರು ಬೇಕು. ಯಾರ ಮನಸ್ಸನ್ನೂ ನೋಯಿಸದೆ, ಯಾವ ನಿಯಮವನ್ನೂ ಮುರಿಯದೆ ಆ ದಿನವನ್ನು ನಡೆಸುವುದು ಗೃಹಸ್ಥನಿಗೆ ಸಣ್ಣ ಕೆಲಸವಲ್ಲ.

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ನಡುವಣ ಗುಡ್ಡಗಳಲ್ಲಿ ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಒಂದು ಜೈನ ಕುಟುಂಬವಿದೆ. ಮನೆಯ ಮಗಳು ಕೃಷಿ ಪದವಿ ಮುಗಿಸಿದಳು. ಆ ವಂಶದಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ಅವಳು. ತಂದೆಯ ಹಿಗ್ಗಿಗೆ ಮೇರೆಯಿರಲಿಲ್ಲ. ಜುಲೈ ತಿಂಗಳ ಒಂದು ಶನಿವಾರ ಸಂಜೆ 7 ಗಂಟೆಗೆ ಕೂಟ, 60 ಮಂದಿ ಅತಿಥಿಗಳು, ಉದ್ದನೆಯ ಮೇಜಿನ ಮೇಲೆ 12 ಬಗೆಯ ಸಿಹಿ ಎಂದು ಅವರು ನಿಶ್ಚಯಿಸಿ ಹಾಸನದ ಅಡುಗೆ ಗುತ್ತಿಗೆದಾರರೊಡನೆ ಮಾತನ್ನೂ ಆಡಿದ್ದರು. ಪಟ್ಟಿಯನ್ನು ಓದಿಸಿ ಕೇಳಿದ ಅಜ್ಜಿ ಯಾವ ಆಕ್ಷೇಪವನ್ನೂ ಎತ್ತಲಿಲ್ಲ. “ಒಳ್ಳೆಯದಾಯಿತಪ್ಪ, ಮಾಡಿ. ನಾನು ಸಂಜೆಯೇ ಊಟ ಮುಗಿಸಿ ಒಳಗಿನ ಕೋಣೆಯಲ್ಲಿ ಕುಳಿತಿರುತ್ತೇನೆ” ಎಂದಷ್ಟೇ ಹೇಳಿದರು. ಅವರು ರಾತ್ರಿಭೋಜನ ತ್ಯಾಗದ ವ್ರತ ಹಿಡಿದು 40 ವರ್ಷಗಳಾಗಿದ್ದವು. ಮೊಮ್ಮಗಳ ಓದಿಗಾಗಿ ಕೊರಳ ಸರವನ್ನು ಒತ್ತೆ ಇಟ್ಟವರೂ ಅವರೇ. ಆ ಒಂದು ಮಾತು ಮನೆಯವರನ್ನು ಮತ್ತೆ ಆಲೋಚನೆಗೆ ಹಚ್ಚಿತು. ಯಾರ ತ್ಯಾಗದಿಂದ ಈ ಸಂತೋಷ ಬಂದಿತೋ ಅವರೇ ಪಾಲುಗೊಳ್ಳಲಾಗದಿದ್ದರೆ ಆ ಕೂಟ ಯಾರಿಗಾಗಿ?

ಮೊದಲು ಬದಲಾದದ್ದು ಹೊತ್ತು. ಜುಲೈ ಆರಂಭದಲ್ಲಿ ಈ ಭಾಗದಲ್ಲಿ ಸೂರ್ಯಾಸ್ತವು 7 ಗಂಟೆಗೆ ಕೆಲವು ನಿಮಿಷ ಮುನ್ನ ಆಗುತ್ತದೆ. ಅಸ್ತಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ ಮೊದಲೇ ಆಹಾರವನ್ನು ಮುಗಿಸುವುದು ವ್ರತಿಗಳ ಕ್ರಮ. ಮೇಲಾಗಿ ಮಳೆಗಾಲದ ಮಲೆನಾಡಿನಲ್ಲಿ ಮೋಡ ಕವಿದು, ಗುಡ್ಡದ ನೆರಳು ಬಿದ್ದು, ಪಂಚಾಂಗದ ಅಸ್ತಕ್ಕಿಂತ ಬೇಗನೆ ಮನೆಯೊಳಗೆ ಕತ್ತಲಾಗುತ್ತದೆ. ಮಳೆ ಬಿದ್ದ ಸಂಜೆ ದೀಪ ಹಚ್ಚಿದೊಡನೆ ರೆಕ್ಕೆಯ ಗೆದ್ದಲು ಹುಳುಗಳು ಮುತ್ತಿಕೊಳ್ಳುವುದನ್ನು ಈ ಸೀಮೆಯ ಪ್ರತಿಯೊಬ್ಬರೂ ಕಂಡಿದ್ದಾರೆ. ತೆರೆದಿಟ್ಟ ಪಾಯಸದ ಪಾತ್ರೆಗೆ ಅವು ಬೀಳದಂತೆ ಕಾಯುವುದು ಅಸಾಧ್ಯ. ರಾತ್ರಿಭೋಜನ ನಿಷೇಧದ ಕಾರಣವನ್ನು ತಿಳಿಯಲು ಇಲ್ಲಿ ಗ್ರಂಥವನ್ನು ತೆರೆಯಬೇಕಾಗಿಲ್ಲ, ದೀಪವನ್ನು ಹಚ್ಚಿದರೆ ಸಾಕು. ಹೀಗಾಗಿ ಕೂಟವನ್ನು ಮಧ್ಯಾಹ್ನ 3-30ರಿಂದ 5-30ರವರೆಗೆ ಎಂದು ಗೊತ್ತುಮಾಡಲಾಯಿತು. ನೆಂಟರಲ್ಲಿ ಉಪವಾಸ, ಏಕಭುಕ್ತ ಮಾಡುವವರಿದ್ದುದರಿಂದ ಅಷ್ಟಮಿ, ಚತುರ್ದಶಿಗಳನ್ನು ಬಿಟ್ಟು ದಿನವನ್ನು ಆರಿಸಿದರು.

ಎರಡನೆಯದು ಲೆಕ್ಕದ ಮಾತು. 12 ಬಗೆಯ ಸಿಹಿಯನ್ನು 60 ಮಂದಿಗೂ ಸಾಲುವಷ್ಟು ಮಾಡಿಸಿದರೆ 720 ಪಾಲುಗಳಾಗುತ್ತವೆ. ಎಂಥ ಸಿಹಿಪ್ರಿಯನೂ ಒಂದು ಹೊತ್ತಿಗೆ ಮೂರು ನಾಲ್ಕು ಪಾಲು ತಿಂದಾನು. ನಾಲ್ಕರಂತೆ ಹಿಡಿದರೂ 240 ಪಾಲು ಖರ್ಚಾಗಿ 480 ಉಳಿಯುತ್ತವೆ. ಅಂಗಡಿಯಲ್ಲಿ ಹೀಗೆ ಸರಕು ತರಿಸುವ ವ್ಯಾಪಾರಿಯನ್ನು ಯಾರೂ ಜಾಣನೆನ್ನರು. ಧರ್ಮದ ಖಾತೆಯಲ್ಲಿ ನಷ್ಟ ಇನ್ನೂ ಹೆಚ್ಚು. ಉಳಿದ ಹಾಲಿನ ಸಿಹಿ ಮಳೆಗಾಲದ ತೇವದಲ್ಲಿ ಮರುದಿನಕ್ಕೆ ಕೆಡುತ್ತದೆ, ಎಂಜಲಿನಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ. ಪರಿಗ್ರಹ ಪರಿಮಾಣವೆಂದರೆ ಹೊಲ, ಮನೆ, ಬಂಗಾರಗಳ ಮಿತಿ ಮಾತ್ರವೆಂದು ತಿಳಿಯುವವರುಂಟು. ಒಂದು ಮಧ್ಯಾಹ್ನದ ಮೇಜಿಗೂ ಆ ಅಣುವ್ರತ ಅನ್ವಯಿಸುತ್ತದೆ. ತಂದೆ ಪಟ್ಟಿಯನ್ನು ಐದಕ್ಕೆ ಇಳಿಸಲು ಒಪ್ಪಿದರು. ಉಳಿದ ಹಣದಲ್ಲಿ ತೋಟದ ಕೆಲಸಗಾರರ ಮನೆಗಳಿಗೆಲ್ಲ ಅದೇ ಸಿಹಿಯನ್ನು, ಅದೇ ದಿನ, ಅತಿಥಿಗಳು ಬರುವುದಕ್ಕೆ ಮೊದಲೇ ಕಳುಹಿಸಬೇಕೆಂದು ಅಜ್ಜಿ ಸೂಚಿಸಿದರು. ಮಿಕ್ಕದ್ದನ್ನು ರಾತ್ರಿ ಹಂಚುವುದು ದಾನವಲ್ಲ, ಪಾತ್ರೆ ಬರಿದುಮಾಡುವ ಉಪಾಯ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮೂರನೆಯದು ಭಕ್ಷ್ಯಾಭಕ್ಷ್ಯ ವಿವೇಕ. ಇಂದಿನ ಸಿಹಿತಿನಿಸುಗಳಲ್ಲಿ ಕಣ್ಣಿಗೆ ಕಾಣದ ವಸ್ತುಗಳು ಹಲವು. ಗುತ್ತಿಗೆದಾರರ ಮೊದಲ ಪಟ್ಟಿಯಲ್ಲಿದ್ದ ಕ್ಯಾರೆಟ್ ಹಲ್ವ ಗೆಡ್ಡೆಯದಾದುದರಿಂದ ಅನಂತಕಾಯದ ದೋಷಕ್ಕೆ ಸೇರುತ್ತದೆ. ಅಂಜೂರದ ಬರ್ಫಿಯ ವಿಷಯದಲ್ಲಿ ಪಂಚೋದುಂಬರ ತ್ಯಾಗವನ್ನು ನೆನೆಯಬೇಕು. ಆಲ, ಅರಳಿ, ಅತ್ತಿಗಳ ಹಣ್ಣಿನೊಳಗೆ ಸೂಕ್ಷ್ಮ ಕಣಜಗಳು ಹುಟ್ಟಿ ಬೆಳೆಯುತ್ತವೆಂಬುದನ್ನು ಇಂದಿನ ಸಸ್ಯಶಾಸ್ತ್ರವೂ ಹೇಳುತ್ತದೆ. ಅಂಜೂರವು ಅದೇ ಅತ್ತಿಯ ಬಳಗದ್ದು. ನಡುಗುವ ಜೆಲ್ಲಿಯಲ್ಲಿಯೂ ಮಾರ್ಷ್‌ಮ್ಯಾಲೋದಲ್ಲಿಯೂ ಸಾಮಾನ್ಯವಾಗಿ ಇರುವ ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದದ್ದು. ಸಾಮಗ್ರಿಗಳ ಪಟ್ಟಿಯಲ್ಲಿ 120 ಎಂಬ ಸಂಖ್ಯೆಯಿದ್ದರೆ ಅದು ಕೋಚಿನಿಯಲ್ ಎಂಬ ಕೀಟವನ್ನು ಅರೆದು ಪಡೆದ ಕೆಂಪು ಬಣ್ಣ. 904 ಎಂದಿದ್ದರೆ ಅರಗಿನ ಹುಳುಗಳಿಂದ ಬಂದ ಹೊಳಪು.

“ಹಸಿರು ಗುರುತಿದ್ದರೆ ಸಾಕಲ್ಲವೇ?” ಎಂದು ಕೇಳುವವರು ಬಹಳ. ನಮ್ಮ ದೇಶದಲ್ಲಿ 2001ರಿಂದ ಪೊಟ್ಟಣಗಳ ಮೇಲೆ ಸಸ್ಯಾಹಾರ, ಮಾಂಸಾಹಾರಗಳ ಗುರುತು ಕಡ್ಡಾಯವಾದದ್ದು ಮಹದುಪಕಾರವೇ ಸರಿ. ಮೊಟ್ಟೆ ಬೆರೆತ ತಿನಿಸಿಗೆ ಹಸಿರು ಗುರುತು ದೊರೆಯದು. ಆದರೆ 2020ರ ಲೇಬಲ್ ನಿಯಮಗಳು ಜೇನುತುಪ್ಪ, ಜೇನುಮೇಣ, ಅರಗುಗಳನ್ನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಹಸಿರು ಗುರುತಿರುವ ಪೊಟ್ಟಣದಲ್ಲಿಯೂ ಜೇನು ಇರಬಹುದು, ಅರಗಿನ ಹೊಳಪು ಇರಬಹುದು, ಗೆಡ್ಡೆಗಳಂತೂ ಇದ್ದೇ ಇರಬಹುದು. ಸರ್ಕಾರದ ಗುರುತು ಸಾಮಾನ್ಯ ಸಸ್ಯಾಹಾರಿಗಾಗಿ ಮಾಡಿದ್ದೇ ಹೊರತು ಶ್ರಾವಕನ ವ್ರತಕ್ಕಾಗಿ ಮಾಡಿದ್ದಲ್ಲ. ಬೆಳ್ಳಿಯ ರೇಕಿನ ಸಂಗತಿಯೂ ಹೀಗೆಯೇ. ಹಿಂದೆ ಅದನ್ನು ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿದು ತೆಳುವಾಗಿಸುತ್ತಿದ್ದರು. ಪ್ರಾಣಿಜನ್ಯ ವಸ್ತುವನ್ನು ಅದರ ತಯಾರಿಕೆಯ ಯಾವ ಹಂತದಲ್ಲಿಯೂ ಬಳಸಬಾರದೆಂಬ ನಿಯಮ 2016ರಲ್ಲಿ ಬಂದಿತು. ನಿಯಮವಿದ್ದರೂ ಬಿಡಿಯಾಗಿ ಬರುವ ರೇಕಿನ ಮೂಲವನ್ನು ಅರಿಯುವುದು ಕಷ್ಟ. ರೇಕಿಲ್ಲದ ಮಿಠಾಯಿಗೆ ರುಚಿಯೇನೂ ಕಡಿಮೆಯಾಗದು.

ಹೀಗೆ ಶೋಧಿಸಿ ಉಳಿಸಿದ ಐದು ಸಿಹಿಗಳು ಇವು: ಸೋರೆಕಾಯಿ ಹಲ್ವ, ತೋಟದ ಏಲಕ್ಕಿ ಹಾಕಿದ ಕೊಬ್ಬರಿ ಮಿಠಾಯಿ, ತೆಂಗಿನ ಹಾಲಿನ ಹೆಸರುಬೇಳೆ ಪಾಯಸ, ಮನೆಯ ಕಾಫಿಯಿಂದ ಮಾಡಿ ತಣ್ಣಗಾಗಿಸಿದ ಒಂದು ಹಾಲಿನ ಸಿಹಿ, ಮತ್ತು ಮೊಟ್ಟೆಯಿಲ್ಲದ ಕೇಕು. ಜೊತೆಗೆ ಏಲಕ್ಕಿ ಬಾಳೆಹಣ್ಣು. ಕಾಫಿಯ ಸಿಹಿಯನ್ನು ಗಟ್ಟಿಯಾಗಿಸಲು ಜೆಲಟಿನ್ ಬದಲು ಅಗರ್ ಅಗರ್ ಬಳಸೋಣವೆಂದು ಮೊಮ್ಮಗಳು ಹೇಳಿದಳು. ಅದು ಕಡಲ ಪಾಚಿಯಿಂದ ಬರುವುದೆಂದು ತಿಳಿದ ಅಜ್ಜಿ, “ಪಾಚಿಯನ್ನೂ ಅನಂತಕಾಯದಲ್ಲಿ ಎಣಿಸುತ್ತಾರಲ್ಲ ಮಗು” ಎಂದರು. ಅನೇಕ ಜೈನ ಮನೆಗಳಲ್ಲಿ ಅದನ್ನು ಬಳಸುವುದುಂಟು, ಬಿಡುವವರೂ ಉಂಟು. ವಾದವನ್ನು ಬೆಳೆಸದೆ ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿಯಾಗಿಸಿದರು.

ಕೇಕನ್ನು ಪರಕೀಯವೆಂದು ದೂರವಿಡಬೇಕಾದ ಕಾರಣವೂ ಇಲ್ಲ. ಮೊಟ್ಟೆಯಿಲ್ಲದ ಬೇಕರಿ ತಿನಿಸುಗಳಿಗೆ ಹಾಸನ ಜಿಲ್ಲೆಯೇ ತವರೆನ್ನಬಹುದು. 1898ರಲ್ಲಿ ಬೆಂಗಳೂರಿನಲ್ಲಿ ಬಿ.ಬಿ. ಬೇಕರಿಯನ್ನು ತೆರೆದ ಎಚ್.ಎಸ್. ತಿರುಮಲಾಚಾರ್ ಅವರಿಂದ ಮೊದಲ್ಗೊಂಡು, ಅಯ್ಯಂಗಾರ್ ಬೇಕರಿಗಳನ್ನು ನಾಡಿನುದ್ದಕ್ಕೂ ನಡೆಸಿದವರಲ್ಲಿ ಬಹುಮಂದಿ ಈ ಜಿಲ್ಲೆಯ ಹಳ್ಳಿಗಳವರು. ಆದರೂ ಅಂಗಡಿಯ ಹಿಟ್ಟು ಎಂದು ಬೀಸಿದ್ದೆಂದು ತಿಳಿಯದು. ಮಳೆಗಾಲದಲ್ಲಿ ಹಿಟ್ಟಿನ ಮರ್ಯಾದೆ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ ಎಂದು ಹಿರಿಯರು ನಿಯಮಿಸಿದ್ದಾರೆ. ಅಜ್ಜಿಯಂಥ ವ್ರತಿಗಳು ಕೇಕನ್ನು ತಿನ್ನರು, ತಿನ್ನಬೇಕಾಗಿಯೂ ಇಲ್ಲ. ಹಲ್ವ, ಪಾಯಸ, ಕೊಬ್ಬರಿ ಮಿಠಾಯಿಗಳನ್ನು ಸೋಸಿದ ನೀರಿನಲ್ಲಿ, ಅಂದು ಬೆಳಗ್ಗೆಯೇ, ಮನೆಯ ಒಲೆಯಲ್ಲಿ ಮಾಡಬೇಕೆಂದು ಗೊತ್ತಾಯಿತು.

ಮೇಜಿನ ಜೋಡಣೆಯಲ್ಲಿಯೂ ಒಂದು ಧರ್ಮಸೂಕ್ಷ್ಮವಿದೆ. ಅನೇಕ ಸಮಾರಂಭಗಳಲ್ಲಿ ವ್ರತಿಗಳಿಗೆಂದು ಮೂಲೆಯಲ್ಲೊಂದು ಪುಟ್ಟ ಮೇಜನ್ನಿಟ್ಟು ಚೀಟಿ ಅಂಟಿಸುವುದು ರೂಢಿ. ಉದ್ದೇಶ ಒಳ್ಳೆಯದು. ಆದರೆ ನಿಯಮವಂತರು ತಾವೊಂದು ತೊಂದರೆಯೆಂಬಂತೆ ಅಲ್ಲಿ ನಿಲ್ಲಬೇಕಾಗುತ್ತದೆ. ಈ ಮನೆಯಲ್ಲಿ ವ್ರತಿಗಳಿಗೆ ಸಲ್ಲುವ ಮೂರು ಸಿಹಿಗಳನ್ನೇ ನಡುವಿಗಿಟ್ಟು, ಕೇಕನ್ನೂ ಕಾಫಿಯ ಸಿಹಿಯನ್ನೂ ಒಂದು ಬದಿಗೆ, ಬೇರೆ ಸೌಟು ಬೇರೆ ತಟ್ಟೆಗಳೊಡನೆ ಇರಿಸಿದರು. ಪ್ರತಿಯೊಂದರ ಮುಂದೆಯೂ ಅದರಲ್ಲಿರುವ ಪದಾರ್ಥಗಳನ್ನು ಬರೆದಿಟ್ಟರು. ಜೈನನಲ್ಲದ ಅತಿಥಿಗೆ ಉಪದೇಶ ಕೇಳುವ ಪ್ರಸಂಗ ಬರಲಿಲ್ಲ, ಜೈನ ಅತಿಥಿಗೆ ವಿಚಾರಿಸುವ ಸಂಕೋಚ ಬರಲಿಲ್ಲ.

ಇಷ್ಟೆಲ್ಲ ಸುಗಮವಾದರೂ ಒಂದು ಪ್ರಶ್ನೆ ಸುಲಭವಾಗಿ ಬಗೆಹರಿಯಲಿಲ್ಲ. ತೋಟದಲ್ಲಿ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳುವ ಹಿರಿಯ ಕೆಲಸಗಾರರು, ತಾವು ಎತ್ತಿ ಆಡಿಸಿದ ಹುಡುಗಿ ಪದವೀಧರೆಯಾದಳೆಂದು, ಮೇಜಿಗಾಗಿ ಎರಡು ಸೀಸೆ ಜೇನುತುಪ್ಪ ತರುವುದಾಗಿ ಹೇಳಿದ್ದರು. ಮದ್ಯ, ಮಾಂಸ, ಮಧು ಮೂರರ ತ್ಯಾಗವೂ ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆ. ಕೃಷಿ ಓದಿದ ಮೊಮ್ಮಗಳು ವಾದಿಸಿದಳು: “ಅಜ್ಜಿ, ಈಗ ಎರಿಯನ್ನು ಹಿಂಡುವುದಿಲ್ಲ, ಯಂತ್ರದಲ್ಲಿ ತಿರುಗಿಸಿ ತೆಗೆಯುತ್ತಾರೆ, ಹುಳು ಸಾಯುವುದಿಲ್ಲ. ಜೇನು ಇಲ್ಲದಿದ್ದರೆ ನಮ್ಮ ಏಲಕ್ಕಿ ಹೂವು ಕಾಯಿಕಟ್ಟುವುದೇ ಇಲ್ಲ.” ವಾದದಲ್ಲಿ ಸತ್ಯಾಂಶವಿತ್ತು. ಏಲಕ್ಕಿಯ ಪರಾಗಸ್ಪರ್ಶ ಬಹುಪಾಲು ಜೇನುನೊಣಗಳನ್ನೇ ನಂಬಿದೆ. ರೊಬಸ್ಟಾ ಕಾಫಿಗೂ ಬೇರೆ ಗಿಡದ ಪರಾಗ ಬೇಕು, ಅದನ್ನು ಒಯ್ಯುವಲ್ಲಿ ಗಾಳಿಯ ಜೊತೆಗೆ ಜೇನಿನ ಪಾಲೂ ಇದೆ. ಅಜ್ಜಿ ಅದನ್ನು ಅಲ್ಲಗಳೆಯಲಿಲ್ಲ. ಹುಳು ಸಾಯದಿದ್ದರೂ ಅದು ತನ್ನ ಮರಿಗಳಿಗೆಂದು ಕೂಡಿಟ್ಟದ್ದನ್ನು ಕೊಡದೆ ತೆಗೆದುಕೊಂಡಂತಾಗುವುದಿಲ್ಲವೇ ಎಂದು ಕೇಳಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಅದನ್ನು ಆಶ್ರಯಿಸಿದ ಜೀವಿಗಳ ಹಿಂಸೆಯುಂಟೆಂದು ಹೇಳಿರುವುದು ಪ್ರಸಿದ್ಧವಾಗಿದೆ. ಹಾಗಿದ್ದರೆ ತೋಟದಲ್ಲಿ ಪೆಟ್ಟಿಗೆಗಳನ್ನಿಟ್ಟು ಜೇನು ತೆಗೆಯಿಸುವುದು ಸರಿಯೇ ಎಂಬ ಮೊಮ್ಮಗಳ ಮರುಪ್ರಶ್ನೆಗೆ ಆ ದಿನ ಯಾರಲ್ಲಿಯೂ ಉತ್ತರವಿರಲಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಲ್ಲಿ ಯಾವುದರಿಂದ ಬಂದರೂ ಪಾಪ ಪಾಪವೇ.

ಆದರೆ ಪ್ರೀತಿಯಿಂದ ತಂದುದನ್ನು ಬಾಗಿಲಲ್ಲಿ ನಿಲ್ಲಿಸಿ ಬೇಡವೆನ್ನುವುದೂ ಮನಸ್ಸಿಗೆ ಮಾಡುವ ಹಿಂಸೆ. ಆದ್ದರಿಂದ ಅಜ್ಜಿ ಕೂಟಕ್ಕೆ ಒಂದು ವಾರ ಮೊದಲೇ ಮೊಮ್ಮಗಳನ್ನು ಕರೆದುಕೊಂಡು ಆ ಹಿರಿಯರ ಮನೆಗೆ ಹೋದರು. ತಮ್ಮ ವ್ರತವನ್ನು ವಿವರಿಸಿ, “ನಿಮ್ಮ ಕೈಯಿಂದಲೇ ಬಿಡಿಸಿದ ಏಲಕ್ಕಿ ಕೊಡಿ, ಮಿಠಾಯಿಗೆ ಅದನ್ನೇ ಹಾಕುತ್ತೇವೆ” ಎಂದು ಬೇಡಿದರು. ಅವರು ಒಂದು ಬೊಗಸೆ ಏಲಕ್ಕಿ ಕೊಟ್ಟರು. ಕೊಬ್ಬರಿ ಮಿಠಾಯಿಯ ಮುಂದಿನ ಚೀಟಿಯಲ್ಲಿ ಅದು ಯಾರು ಕೊಟ್ಟದ್ದೆಂದು ಮೊಮ್ಮಗಳು ಬರೆದಳು. ವ್ರತ ನಮ್ಮದಾದ ಮೇಲೆ ಅದನ್ನು ತಿಳಿಸುವ ಹೊಣೆಯೂ ನಮ್ಮದೇ. ತಿಳಿಯದವರು ತಪ್ಪಿದರೆಂದು ಮುಖ ಸಿಂಡರಿಸುವುದು ವ್ರತದ ಅಂಗವಲ್ಲ. ಮುಂದಿನ ವರ್ಷದಿಂದ ಪೆಟ್ಟಿಗೆಗಳನ್ನು ಪರಾಗಸ್ಪರ್ಶಕ್ಕಾಗಿ ಮಾತ್ರ ಉಳಿಸಿಕೊಂಡು ಜೇನು ತೆಗೆಯಿಸದಿರಲು ತಂದೆ ನಿಶ್ಚಯಿಸಿದರು. ಇದರಿಂದ ಆಗುವ ಆದಾಯದ ಕೊರತೆಯನ್ನು ಕೆಲಸಗಾರರ ಕೂಲಿಯಿಂದ ಕಳೆಯಬಾರದೆಂಬ ಷರತ್ತನ್ನು ಹಾಕಿದವಳು ಮಗಳು.

ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವನ್ನು ಅರಿಯದ ಜೈನರಿಲ್ಲ. ಮಹಾಮಂತ್ರಿ ಚಾವುಂಡರಾಯನು ಕೊಡಗಟ್ಟಲೆ ಹಾಲು ಎರೆಯಿಸಿದರೂ ಗೊಮ್ಮಟಸ್ವಾಮಿಯ ಅಭಿಷೇಕ ಪೂರ್ಣವಾಗಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತೊಟ್ಟು ಹಾಲು ಅಡಿಯವರೆಗೂ ಹರಿಯಿತು. ಸ್ವಾಮಿಯ ಎದುರಿಗೆ ಇಂದಿಗೂ ಆಕೆಯ ವಿಗ್ರಹ ನಿಂತಿದೆ. ವೈಭವದಲ್ಲಿ ‘ನಾನು ಮಾಡಿಸಿದೆ’ ಎಂಬ ಭಾವ ಬೆರೆತರೆ ಎಷ್ಟು ಕೊಡಗಳಿದ್ದರೂ ಸಾಲವು.

ಇಂದು ಜೈನ ಮನೆಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಪದವೀಧರರಾಗುತ್ತಿದ್ದಾರೆ. ಸಂತೋಷಪಡುವುದು ಯೋಗ್ಯ, ನಾಲ್ವರನ್ನು ಕರೆದು ಬಾಯಿ ಸಿಹಿ ಮಾಡುವುದೂ ಯೋಗ್ಯ. ಬಸದಿಯ ಸಮಿತಿಗಳು ತಮ್ಮ ಕಲ್ಯಾಣಮಂಟಪಗಳನ್ನು ಇಂಥ ಕೂಟಗಳಿಗೆ ಕೊಡುವಾಗ ಸೂರ್ಯಾಸ್ತದ ಹೊತ್ತು, ಸೋಸಿದ ನೀರಿನ ಏರ್ಪಾಟು, ಬಿಡಬೇಕಾದ ಪದಾರ್ಥಗಳು ಇವಿಷ್ಟನ್ನು ಒಂದು ಹಾಳೆಯಲ್ಲಿ ಅಚ್ಚುಮಾಡಿಸಿ ಕೊಟ್ಟರೆ ಅಡುಗೆಯವರಿಗೂ ಮನೆಯವರಿಗೂ ದೊಡ್ಡ ಸಹಾಯವಾದೀತು. ಉಳಿದದ್ದು ಗೃಹಸ್ಥನ ವಿವೇಕಕ್ಕೆ ಸೇರಿದ್ದು. ಪಟ್ಟಿ ಬರೆಯಲು ಕುಳಿತಾಗ ಬಗೆಗಳ ಸಂಖ್ಯೆಯನ್ನು ಮೊದಲು ಬರೆಯದೆ, ಮನೆಯ ಅತ್ಯಂತ ನಿಯಮವಂತ ಹಿರಿಯರ ಹೆಸರನ್ನೂ ಮನೆಗಾಗಿ ದುಡಿಯುವವರ ಹೆಸರನ್ನೂ ಮೊದಲು ಬರೆಯಲಿ. ಅವರಿಬ್ಬರೂ ಸಂಕೋಚವಿಲ್ಲದೆ ಕೈಚಾಚಬಲ್ಲ ಮೇಜಿನಲ್ಲಿ ಮಿಕ್ಕ ಅತಿಥಿಗಳಿಗೆ ಯಾವ ಕೊರತೆಯೂ ಆಗದು.