ಅಂಗಳದಲ್ಲೇ ತೆರಿಗೆ ಪಾಠ

ಕಾನೂನು ಓದಿದವರು ತೆರಿಗೆ ಅಂದರೆ ವಕೀಲಿಕೆಯ ದುಡ್ಡು ಲೆಕ್ಕ ಹಾಕ್ತಾರೆ, ಮೇಷ್ಟ್ರಾಗುವ ಯೋಚನೆ ಮಾಡುವವರು ಕಡಿಮೆ. ಆದರೆ ಸುಳ್ಯ ತಾಲೂಕಿನ ನಮ್ಮ ಐವರ್ನಾಡಿನಂಥ ಊರಲ್ಲಿ ತೆರಿಗೆ ಕಾನೂನಿನ ಪ್ರಾಧ್ಯಾಪಕರಿಗೆ ಪಾಠದ ಸಾಮಗ್ರಿ ಅಂಗಳದಲ್ಲೇ ಬಿದ್ದಿದೆ.

ಹಸಿ ಅಡಿಕೆಗೆ ಜಿಎಸ್‌ಟಿ ಇಲ್ಲ, ಒಣಗಿದ ಮೇಲೆ ಶೇ. 5ರ ಪಟ್ಟಿಗೆ ಸೇರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರ ತೆರಿಗೆ ಹಾಕುವಂತಿಲ್ಲ. ಸಂವಿಧಾನ ಆ ಅಧಿಕಾರ ಕೊಟ್ಟಿರುವುದು ರಾಜ್ಯಕ್ಕೆ. ಹಾಗಂತ ಪೂರ್ತಿ ಪಾರಾದೆವು ಅನ್ನಬೇಡಿ: ಬೇರೆ ಆದಾಯ ವಿನಾಯಿತಿ ಮಿತಿ ದಾಟಿ, ಕೃಷಿ ಆದಾಯವೂ 5000 ರೂಪಾಯಿ ಮೀರಿದರೆ, ಆ ಬೇರೆ ಆದಾಯದ ದರ ನಿರ್ಧರಿಸಲು ತೋಟದ ಲೆಕ್ಕವೂ ಬರುತ್ತದೆ. ಸ್ವಂತ ತೋಟದ ರಬ್ಬರ್ ಹಾಲಿನಿಂದ ಬ್ಲಾಕ್ ರಬ್ಬರ್ ಮಾಡಿ ಮಾರಿದರೆ ಬಂದ ಆದಾಯದಲ್ಲಿ ಶೇ. 35 ವ್ಯಾಪಾರದ್ದು, ಉಳಿದದ್ದು ಕೃಷಿಯದ್ದು. ಕೃಷಿ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರು? ಒಂದು ಪಿಎಚ್‌.ಡಿ.ಗೆ ಸಾಕಾಗುವ ಪ್ರಶ್ನೆ.

ಸುಳ್ಯದಲ್ಲೇ ಕಾನೂನು ಕಾಲೇಜಿದೆ. ಮುಂದೆ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಎಲ್‌ಎಲ್‌.ಎಂ.ಗೆ ಕ್ಲಾಟ್ ಪ್ರವೇಶ ಪರೀಕ್ಷೆ ಬರೆಯಬೇಕು: 2 ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಆಮೇಲೆ ಪಾಠ ಮಾಡಲು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್‌.ಡಿ. ವೇಗವಾಗಿ ಸರಿಯುತ್ತರ ಗುರುತಿಸುವವರನ್ನು ಕ್ಲಾಟ್ ಆರಿಸುತ್ತದೆ. ಅಡಿಕೆ ಒಣಗಿಸುತ್ತಾ ಹೊಸ ಪ್ರಶ್ನೆ ಹುಟ್ಟಿಸಿಕೊಂಡವರನ್ನು ಆರಿಸುತ್ತದೆಯೇ ಅನ್ನುವುದೇ ಅನುಮಾನ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, ಜಾರಿ 2026ರ ಏಪ್ರಿಲ್ 1ರಿಂದ. ಹಳೇ ನೋಟ್ಸ್ ಎಲ್ಲರದ್ದೂ ಹಳತಾಯಿತು. ನಮ್ಮೂರ ಮಕ್ಕಳು ಈ ವಿಷಯಕ್ಕೆ ಇಳಿಯಲು ಇದಕ್ಕಿಂತ ಒಳ್ಳೆ ಸಮಯ ಬೇಕೇ?