ಬಿಸಿಲಿಗೆ ಹಿಡಿದ ಕನ್ನಡಿ

ಮೂರನೆಯ ಮಹಡಿಯವರು ಮನೆ ಖಾಲಿ ಮಾಡುತ್ತಿದ್ದರು. ಬೀರುವನ್ನು ಕೆಳಗಿಳಿಸುತ್ತಿದ್ದ ಕೂಲಿಯವರು ದಮ್ಮು ತೆಗೆದುಕೊಳ್ಳಲು ಮೆಟ್ಟಿಲ ತಿರುವಿನಲ್ಲಿ ನಿಂತರು. ಬೀರುವಿನ ಕನ್ನಡಿಗೆ ಕಿಟಕಿಯ ಬಿಸಿಲು ಹೊಡೆಯಿತು. ಗೋಡೆಗೆ ಉಜ್ಜಿ ಎದ್ದ ಸುಣ್ಣದ ಧೂಳು ಇನ್ನೂ ಕೂತಿರಲಿಲ್ಲ. ಕನ್ನಡಿಯಿಂದ ನಮ್ಮ ಹೊಸ್ತಿಲವರೆಗೆ ಹಲಗೆಯಗಲದ ಬೆಳಕಿನ ಪಟ್ಟೆ! “ಬಾಜೂಲಾ ವ್ಹಾ, ಕಾಕಾ” ಎಂದು ಅವರು ಗದರಿದರೂ ನಾನು ಜಾಗ ಬಿಡಲಿಲ್ಲ. ಮನಸ್ಸು ‘ಕಾಗಜ್ ಕೇ ಫೂಲ್’ ಚಿತ್ರದ ಹಾಡೊಂದಕ್ಕೆ ಹೋಗಿಯಾಗಿತ್ತು.

ಆ ಹಾಡನ್ನು ನೋಡದವರು ಯಾರಿದ್ದಾರೆ? ಬರಿದಾದ ಸ್ಟುಡಿಯೋ, ಮೇಲಿಂದ ಓರೆಯಾಗಿ ಇಳಿದ ಬೆಳಕಿನ ಕಂಬ, ಇತ್ತ ವಹೀದಾ, ಅತ್ತ ಗುರುದತ್, ಹಿಂದೆ ಗೀತಾ ದತ್ ದನಿ. 1959ರ ಚಿತ್ರ. ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಪುಣೆಯಲ್ಲಿ ಬೇರುಬಿಟ್ಟ ಕನ್ನಡಿಗನಿಗೆ ಹೀಗೆ ಆಗಾಗ ‘ನಮ್ಮ’ ಅಂದುಕೊಳ್ಳದಿದ್ದರೆ ತಿಂದದ್ದು ಅರಗುವುದಿಲ್ಲ. ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ. 1944ರಲ್ಲಿ ಕೆಲಸಕ್ಕೆ ಸೇರಿದ್ದು ಇಲ್ಲಿಯ ಪ್ರಭಾತ್ ಸ್ಟುಡಿಯೋಗೆ, ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗಕ್ಕೆ. ದೇವ್ ಆನಂದ್ ಅಂಗಿಯೂ ಅವರ ಅಂಗಿಯೂ ದೋಬಿಯ ಕೈಯಲ್ಲಿ ಅದಲುಬದಲಾದ ಕಥೆ ನಡೆದದ್ದೂ ಈ ಊರಿನಲ್ಲಿಯೇ. ಮೂರ್ತಿಯವರೂ ಇಲ್ಲಿಗೇ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ಲಾ ಕಾಲೇಜ್ ರಸ್ತೆಯಲ್ಲಿ ಹೋಗುವಾಗಲೆಲ್ಲ ಅನಿಸುತ್ತದೆ. ಆದರೆ ಅವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ. ಗುರುದತ್ ಕಣ್ಣಿಗೆ ಬಿದ್ದದ್ದು ಮುಂಬೈಯಲ್ಲಿ, ‘ಬಾಜಿ’ಯ ಸಹಾಯಕರಾಗಿ. ಪುಣೆಯ ಪಾಲಿಗೆ ಉಳಿದದ್ದು ಫಿಲ್ಮ್ ಆರ್ಕೈವಿನ ಡಬ್ಬಿಗಳು.

ಹಾಡಿನ ಆ ಬೆಳಕಿನ ಕಂಬ ದೀಪದ್ದಲ್ಲ. ದೀಪದ ಬೆಳಕು ಹೊರಟಲ್ಲಿಂದಲೇ ಅಗಲವಾಗುತ್ತ ಹೋಗುತ್ತದೆ. ಎರಡೂ ಅಂಚು ಸಮಾನಾಂತರವಾಗಿ ಇಳಿಯಬೇಕಾದರೆ ಸೂರ್ಯನೇ ಆಗಬೇಕು. ಮೂರ್ತಿಯವರು ಹೊರಗೊಂದು, ಒಳಗೆ ಎತ್ತರದಲ್ಲೊಂದು ದೊಡ್ಡ ಕನ್ನಡಿ ಇಡಿಸಿ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಅದು ಕಣ್ಣಿಗೆ ಕಾಣಲೆಂದು ಹೊಗೆ ಹಾಕಿಸಿದರು. ಹೇಳುವವರೆಲ್ಲ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನ್ನ ತಲೆ ತಿನ್ನುವುದು ಹೊರಗಿನ ಕನ್ನಡಿ. ಸೂರ್ಯ ಒಂದೆಡೆ ನಿಲ್ಲುವವನಲ್ಲ. ಗಂಟೆಗೆ 15 ಡಿಗ್ರಿ, ಅಂದರೆ ಎರಡು ನಿಮಿಷಕ್ಕೆ ತನ್ನ ಮೈಯಗಲದಷ್ಟು ಸರಿಯುತ್ತಾನೆ. ಕನ್ನಡಿಯಿಂದ 20 ಮೀಟರ್ ದೂರಕ್ಕೆ ಅದು ಗೇಣಿಗೆ ತುಸು ಕಡಿಮೆ. ನಟರು ಜಾಗಕ್ಕೆ ಬಂದು, ಹೊಗೆ ಹದಕ್ಕೆ ಬಂದು, ಕ್ಯಾಮೆರಾ ಓಡುವಷ್ಟರಲ್ಲಿ ಕಂಬ ಪಕ್ಕಕ್ಕೆ ಜಾರಿರುತ್ತದೆ. ಹಾಗಿದ್ದ ಮೇಲೆ ಯಾರೋ ಒಬ್ಬ ಹೊರಗೆ ನಿಂತು ಕನ್ನಡಿಯನ್ನು ಕೂದಲೆಳೆಯಷ್ಟೇ ಹೊರಳಿಸುತ್ತ ಇದ್ದಿರಲೇಬೇಕು. ಗೋಡೆಯಾಚೆ ವಹೀದಾ ರೆಹಮಾನ್. ಅವನೆದುರಿಗೆ ಬೆವರಿಳಿಯುವ ಅವನದೇ ಮುಖ. ಮೋಡ ಅಡ್ಡ ಬಂದರೆ ಬೈಸಿಕೊಂಡವನೂ ಅವನೇ ಎಂದು ನಾನು ಬಲವಾಗಿ ನಂಬಿದ್ದೇನೆ. ಚಿತ್ರ ಮಕಾಡೆ ಮಲಗಿತು. ಮೂರ್ತಿಯವರಿಗೆ ಫಿಲ್ಮ್‌ಫೇರ್ ಸಿಕ್ಕಿತು. ತೀರಾ ತಡವಾಗಿ 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು, ಛಾಯಾಗ್ರಾಹಕರಲ್ಲಿ ಮೊದಲಿಗರಿಗೆ. ಕನ್ನಡಿಯವನಿಗೆ ಸಿಕ್ಕಿದ್ದು ಅಂದಿನ ಕೂಲಿ ಇರಬಹುದು.

ನಾನೂ ಒಂದು ಕಾಲಕ್ಕೆ ಕ್ಯಾಮೆರಾ ಹಿಡಿದು ಇಂಥ ಪಟ್ಟೆಗಳ ಬೆನ್ನು ಹತ್ತಿದವನು. ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಆಜಿ ದೇವರಿಗೆ ಧೂಪ ಹಾಕುವ ಹೊತ್ತಿಗೂ ಪೂರ್ವದ ಕಿಟಕಿಗೆ ಬಿಸಿಲು ಬರುವ ಹೊತ್ತಿಗೂ ಗಂಟು ಬೀಳುವುದನ್ನು ಕಾಯುತ್ತಿದ್ದೆ. ಬೆಳಕಿಗೆ ಎದುರಾಗಿಯೇ ನಿಲ್ಲಬೇಕು. ಹೊಗೆಯ ಕಣ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಎಸೆಯುತ್ತದೆ, ಕಿಟಕಿಗೆ ಬೆನ್ನು ಹಾಕಿದಿರೋ ಅರ್ಧ ಪಟ್ಟೆ ಮಾಯ. ಬೆಳಕಿನ ಅಳತೆ ಪಟ್ಟೆಯದನ್ನೇ ತೆಗೆಯಬೇಕು, ಮಿಕ್ಕ ಕೋಣೆ ಕಪ್ಪಾದರೆ ಆಗಲಿ. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು ಇಷ್ಟಕ್ಕೆ ಧಾರಾಳ ಸಾಕಿತ್ತು.

ತಿದ್ದುವ ಕೆಲಸ ಬಚ್ಚಲಮನೆಯಲ್ಲಿ. ಬಕೆಟ್ಟಿನ ಮೇಲೆ ಹಲಗೆ, ಹಲಗೆಯ ಮೇಲೆ ಎನ್ಲಾರ್ಜರ್, ಮೂಲೆಯಲ್ಲಿ ಕೆಂಪು ಬಲ್ಬು. ಅಲ್ಲಿ ಎಲ್ಲ ತಿರುಗುಮುರುಗು: ಕಾಗದಕ್ಕೆ ಹೆಚ್ಚು ಬೆಳಕು ಕೊಟ್ಟಷ್ಟೂ ಅದು ಕಪ್ಪಾಗುತ್ತದೆ. ಆದ್ದರಿಂದ ಪಟ್ಟೆ ಬೆಳ್ಳಗೆ ಉಳಿಯಬೇಕಾದರೆ ಅದಕ್ಕೇ ನೆರಳು ಹಿಡಿಯಬೇಕು. ಪಟ್ಟೆಯ ಅಂಚಿಗೆ ರಟ್ಟು ಹಿಡಿದು, ಗೆರೆ ಮೂಡದಂತೆ ಸಣ್ಣಗೆ ಅಲುಗಿಸುತ್ತ, ಸುತ್ತಲಿನ ಗೋಡೆಗೆ ಮಾತ್ರ ಬೆಳಕು ಕುಡಿಸುವುದು. ಬಾಯಲ್ಲಿ ಎಣಿಕೆ. ನಡುವೆ ಹೊರಗಿಂದ ಆಜಿ, “ಅಂಘೋಳ್ ಝಾಲೀ ಕಾ?” ನಾನು ಮೈತೊಳೆಯುವುದರಲ್ಲಿ ಅತಿ ಮಡಿವಂತ ಎಂದು ಅವರು ನೆರೆಹೊರೆಗೆಲ್ಲ ಹೇಳಿಕೊಂಡಿದ್ದರು. ಕನ್ನಡದವರ ಮರ್ಯಾದೆ ಹೆಚ್ಚಿಸಲು ನಾನು ಪುಣೆಯಲ್ಲಿ ಮಾಡಿದ್ದು ಅದಿಷ್ಟೇ ಇದ್ದೀತು.

ಈಗ ಕಂಪ್ಯೂಟರಿನಲ್ಲಿ ‘ಡೀಹೇಜ್’ ಎಂಬ ಗುಂಡಿಯಿದೆ. ಬಲಕ್ಕೆ ಎಳೆದರೆ ಚಿತ್ರದೊಳಗಿನ ಮಬ್ಬು, ಹೊಗೆ ತಿಳಿಯಾಗುತ್ತದೆ. ಹೊಗೆಯೆಂದರೆ ರೋಗ ಎಂದು ತಿಳಿದವರು ಮಾಡಿದ್ದು. ನಾನು ಪಟ್ಟೆಯಷ್ಟನ್ನೇ ಆಯ್ದು ಅದನ್ನು ಎಡಕ್ಕೆ ಎಳೆಯುತ್ತೇನೆ, ಸುತ್ತಲಿನ ಕಪ್ಪನ್ನು ಒಂದಿಷ್ಟು ಇಳಿಸುತ್ತೇನೆ. ಇಲ್ಲದ ಕಿರಣವನ್ನೇ ಬರೆದುಕೊಡುವ ಆ್ಯಪುಗಳೂ ಬಂದಿವೆ. ಅವು ಧೂಳಿಲ್ಲದ ಬಯಲಿನಲ್ಲೂ ಕಂಬ ನಿಲ್ಲಿಸುತ್ತವೆ, ಕಿಟಕಿ ಎಡಕ್ಕಿದ್ದರೆ ಬಲದಿಂದ ಬಿಸಿಲು ತರುತ್ತವೆ. ಮೊನ್ನೆ ನಮ್ಮ ಅಡುಗೆಮನೆಯ ಚಿತ್ರವೊಂದನ್ನು ತಂಗಿಯ ಮಗಳಿಗೆ ಕಳಿಸಿದೆ. “ಮಾಮಾ, ಈ ಎಫೆಕ್ಟ್ ಯಾವ ಆ್ಯಪಿನದು?” ಎಂದು ಕೇಳಿದಳು.

“ಒಗ್ಗರಣೆ ಸೀದದ್ದು” ಎಂದು ಬರೆದೆ.